ಕಾಡಿನ ಕೂಸು ಮನೆಬಾಗಿಲಿಗೆ ಬಂದಾಗ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಶಿಕಾರಿಪುರಕ್ಕೆ ಆ ಹೆಸರು ಬಂದದ್ದು ಶಿಕಾರಿಯಿಂದ. ಮೊದಲು ಮಳಿಯನಹಳ್ಳಿ ಎಂದೂ ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರ ಎಂದೂ ಕರೆಸಿಕೊಂಡಿದ್ದ ಈ ಊರಿಗೆ ಹೈದರಾಲಿಯೋ ಟಿಪ್ಪುವೋ ಬೇಟೆಗೆ ಬಂದರೆಂದೂ, ಇಲ್ಲಿ ಕಂಡ ಮೃಗಸಮೃದ್ಧಿಯೇ ಹೊಸ ಹೆಸರಿಗೆ ಕಾರಣವಾಯಿತೆಂದೂ ಹಳೆಯ ಗೆಝೆಟಿಯರುಗಳು ಹೇಳುತ್ತವೆ. ಬೇಟೆಯ ಹೆಸರು ಹೊತ್ತ ಊರಿನಲ್ಲಿ ನಿಂತು, ಗಾಯಗೊಂಡ ಮೃಗಗಳ ಆರೈಕೆಯ ಬಗೆಗೆ ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ಕಾಲ ಬದಲಾಗಿದೆ. ಇಂದು ಹಳ್ಳಿಯ ಹುಡುಗನೊಬ್ಬ ಕಾಡಿನಿಂದ ಏನನ್ನಾದರೂ ಎತ್ತಿಕೊಂಡು ಬರುತ್ತಾನೆಂದರೆ ಬಹುಮಟ್ಟಿಗೆ ಅದು ಕೊಂದ ಮೃಗವಲ್ಲ. ಕರುಣೆಯಿಂದ ಎತ್ತಿಕೊಂಡ ಮರಿ. ಗೂಡಿನಿಂದ ಬಿದ್ದ ಗೂಬೆಯ ಮರಿ, ಜೋಳದ ಹೊಲದಲ್ಲಿ ಸಿಕ್ಕ ಬೆಕ್ಕಿನ ಮರಿ, ರಸ್ತೆಯ ಬದಿ ಸತ್ತ ತಾಯಿಯ ಮೈಗೆ ಅಂಟಿಕೊಂಡ ಮಂಗನ ಮರಿ. ಈ ಕರುಣೆ ಮಲೆನಾಡಿನ ದೊಡ್ಡ ಆಸ್ತಿ. ಅದೇ ಕರುಣೆಯಿಂದ ಎಷ್ಟೋ ಮರಿಗಳು ಸಾಯುತ್ತವೆ ಎಂಬುದನ್ನೂ, ಸೊರಬದಂಥ ಸೀಮೆಯಲ್ಲಿ ಅದು ಮನುಷ್ಯರ ಜೀವಕ್ಕೂ ಎರವಾಗಬಲ್ಲದು ಎಂಬುದನ್ನೂ ಹೇಳುವುದೇ ಈ ಉಪನ್ಯಾಸದ ಉದ್ದೇಶ.

ಮೊದಲನೆಯ ಮಾತು: ಅನಾಥವೆಂದು ತಂದ ಮರಿಗಳಲ್ಲಿ ಬಹಳಷ್ಟು ಅನಾಥವಲ್ಲ.

ಜಿಂಕೆಯ ಮರಿಯನ್ನೇ ತೆಗೆದುಕೊಳ್ಳಿ. ಹುಟ್ಟಿದ ಮೊದಲ ದಿನಗಳಲ್ಲಿ ಅದು ತಾಯಿಯ ಹಿಂದೆ ಓಡಾಡುವುದಿಲ್ಲ. ತಾಯಿ ಅದನ್ನು ಹುಲ್ಲಿನ ನಡುವೆ ಮಲಗಿಸಿ ದೂರ ಹೋಗಿ ಮೇಯುತ್ತದೆ. ಮರಿಯ ಮೈಯ ವಾಸನೆ ಅತಿ ಕಡಿಮೆ. ಚುಕ್ಕೆಗಳು ಬಿಸಿಲು–ನೆರಳಿನಲ್ಲಿ ಬೆರೆತು ಕಾಣಿಸುವುದೇ ಇಲ್ಲ. ಮನುಷ್ಯ ಹತ್ತಿರ ಬಂದರೂ ಅದು ಏಳದು, ಕೂಗದು. ಆ ನಿಶ್ಚಲತೆಯೇ ಅದಕ್ಕಿರುವ ಒಂದೇ ರಕ್ಷೆ. ದರಕು ಗುಡಿಸಲು ಹೋದವರು ಅದನ್ನು ನೋಡಿ, ‘ಪಾಪ, ತಾಯಿಯಿಲ್ಲ, ನಿತ್ರಾಣವಾಗಿ ಬಿದ್ದಿದೆ’ ಎಂದು ಎತ್ತಿಕೊಂಡು ಬಂದರೆ, ಸಂಜೆ ಹಾಲೂಡಿಸಲು ಬಂದ ತಾಯಿಗೆ ಸಿಗುವುದು ಬರಿಯ ಹುಲ್ಲು. ಕಾಡುಕುರಿಯ ಮರಿಯ ಕಥೆಯೂ ಇದೇ. ಮೊಲವಂತೂ ದಿನದ ಬಹುಪಾಲು ಮರಿಗಳಿಂದ ದೂರವೇ ಇರುತ್ತದೆ. ದೂರ ನಿಲ್ಲುವುದು ಅವುಗಳ ತಾಯ್ತನದ ರೀತಿ.

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಹಕ್ಕಿ ಸೇರಿಸುವುದಿಲ್ಲವೆಂಬ ನಂಬಿಕೆ ಊರೂರಿನಲ್ಲಿದೆ. ಇದು ಸುಳ್ಳು. ಗರಿ ಮೂಡದ ಮರಿ ನೆಲಕ್ಕೆ ಬಿದ್ದಿದ್ದರೆ ಅದನ್ನು ಗೂಡಿಗೇ ಮರಳಿಸಬಹುದು. ಗೂಡು ಎಟುಕದಿದ್ದರೆ ಬಿದಿರಿನ ಬುಟ್ಟಿಯ ತಳದಲ್ಲಿ ಒಣಹುಲ್ಲು ಹಾಕಿ ಅದೇ ಮರಕ್ಕೆ ಕಟ್ಟಿದರೂ ಅನೇಕ ಹಕ್ಕಿಗಳು ಬಂದು ಗುಟುಕು ಕೊಡುತ್ತವೆ. ಗರಿ ಮೂಡಿ ನೆಲದ ಮೇಲೆ ಕುಪ್ಪಳಿಸುತ್ತಿರುವ ಮರಿಯನ್ನಂತೂ ಮುಟ್ಟಲೇಬಾರದು. ಅದು ಹಾರಲು ಕಲಿಯುತ್ತಿದೆ, ತಂದೆ–ತಾಯಿ ಹತ್ತಿರದ ಕೊಂಬೆಯಲ್ಲೇ ಇವೆ. ಆ ಎರಡು ಮೂರು ದಿನ ಮನೆಯ ಬೆಕ್ಕನ್ನು ಕಟ್ಟಿಹಾಕಿದರೆ ಅದೇ ದೊಡ್ಡ ಉಪಕಾರ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಮಳೆಗಾಲದಲ್ಲಿ ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳು ನೀರಿನ ನಡುವಣ ಮರಗಳಲ್ಲಿ ಗುಂಪುಗುಂಪಾಗಿ ಗೂಡು ಕಟ್ಟುತ್ತವೆ. ಗಾಳಿಮಳೆಗೆ ಮರಿಗಳು ಉದುರುವುದು ಅಲ್ಲಿ ಸಹಜ. ನೋಡಲು ಹೋದ ವಿದ್ಯಾರ್ಥಿಗಳಿಗೆ ಸಂಕಟವಾಗುತ್ತದೆ. ಆದರೆ ಒಂದು ಮರಿಯನ್ನು ಎತ್ತಲು ನೀರಿಗಿಳಿದರೆ ಮೇಲಿನ ನೂರು ಗೂಡುಗಳ ತಾಯಂದಿರು ಬೆದರಿ ಏಳುತ್ತವೆ. ಆ ಗಲಿಬಿಲಿಯಲ್ಲಿ ಇನ್ನಷ್ಟು ಮರಿಗಳು ಬೀಳುತ್ತವೆ, ತೆರೆದ ಗೂಡಿನ ಮೊಟ್ಟೆಗಳನ್ನು ಕಾಗೆ ಒಯ್ಯುತ್ತದೆ. ಅಲ್ಲಿನ ಸಿಬ್ಬಂದಿಗೆ ತಿಳಿಸಿ ಸುಮ್ಮನಿರುವುದೇ ಲೇಸು.

ಇನ್ನು ಬೆಕ್ಕಿನ ಜಾತಿ. ಕಬ್ಬು ಕಡಿಯುವಾಗ, ಮೆಕ್ಕೆಜೋಳ ಕೊಯ್ಯುವಾಗ ಮರಿಗಳು ಸಿಕ್ಕರೆ ಕ್ಷಣಾರ್ಧದಲ್ಲಿ ‘ಚಿರತೆ ಮರಿ’ ಎಂಬ ಸುದ್ದಿ ಹಬ್ಬುತ್ತದೆ, ಮೊಬೈಲಿನಲ್ಲಿ ಚಿತ್ರಗಳು ಹರಿದಾಡುತ್ತವೆ. ಅನೇಕ ಸಲ ಅವು ಕಾಡುಬೆಕ್ಕಿನ ಮರಿಗಳು. ಇಲಿ ಹಿಡಿದು ರೈತನ ಕಣಜ ಕಾಯುವ ಜೀವಿ ಅದು. ಚಿರತೆಯದೇ ಆಗಿರಲಿ, ಬೆಕ್ಕಿನದೇ ಆಗಿರಲಿ, ಮಾಡಬೇಕಾದ್ದು ಒಂದೇ. ಆ ಭಾಗದ ಕೊಯ್ಲನ್ನು ಒಂದು ದಿನದ ಮಟ್ಟಿಗೆ ನಿಲ್ಲಿಸಿ, ಜನ ದೂರ ಸರಿದು, ಅರಣ್ಯ ಇಲಾಖೆಗೆ ತಿಳಿಸಬೇಕು. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದ ಕಬ್ಬಿನ ಗದ್ದೆಗಳಲ್ಲಿ ಸಿಕ್ಕ ಚಿರತೆ ಮರಿಗಳನ್ನು ಅಲ್ಲಿನ ಅರಣ್ಯ ಇಲಾಖೆ ಮತ್ತು ಮಾಣಿಕ್‌ಡೋಹ್ ಚಿರತೆ ಕೇಂದ್ರದ ವೈದ್ಯರು ಹೀಗೆಯೇ ಸಿಕ್ಕ ಸ್ಥಳದಲ್ಲೇ ಪೆಟ್ಟಿಗೆಯಲ್ಲಿಟ್ಟು, ಕ್ಯಾಮೆರಾ ಹೂಡಿ, ತಾಯಿ ಕೊಂಡೊಯ್ಯುವುದನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ. ಮರಿಯನ್ನು ಊರಿಗೆ ತಂದರೆ ಆಗುವುದು ಇದಕ್ಕೆ ತದ್ವಿರುದ್ಧ: ಮರಿಯನ್ನು ಹುಡುಕುವ ತಾಯಿ ಆ ಹೊಲದ ಸುತ್ತಲೇ ಸುಳಿದಾಡುತ್ತದೆ, ಮರುದಿನ ಅದೇ ಹೊಲಕ್ಕೆ ಕೊಯ್ಯಲು ಹೋಗುವವಳು ಕೂಲಿಯ ಹೆಣ್ಣುಮಗಳು.

ಈಗ ಸೊರಬದ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳೂ ಮುಸಿಯಗಳೂ ಗುಂಪಾಗಿ ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನರು ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಲವರು ರಕ್ತಸ್ರಾವದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ತಂಡ, ಅದರ ನಿರ್ದೇಶಕರಾಗಿದ್ದ ಡಾ. ಟೆಲ್ಫೋರ್ಡ್ ವರ್ಕ್ ಅವರ ನೇತೃತ್ವದಲ್ಲಿ, ಸತ್ತ ಮುಸಿಯಗಳಿಂದಲೂ ರೋಗಿಗಳಿಂದಲೂ ಒಂದೇ ವೈರಸ್ಸನ್ನು ಬೇರ್ಪಡಿಸಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದು ‘ಕ್ಯಾಸನೂರು ಅರಣ್ಯ ಕಾಯಿಲೆ’ ಎಂದು ಸೇರಿಕೊಂಡಿತು. ರಷ್ಯಾದಲ್ಲಿ ಕಂಡುಬರುವ ಮಿದುಳುಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ ಎಂದು ತಿಳಿದಾಗ, ವಲಸೆ ಹಕ್ಕಿಗಳೇನಾದರೂ ಹೊತ್ತು ತಂದವೇ ಎಂಬ ಅನುಮಾನವೂ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮಾರ್ಗದರ್ಶನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಕೈಗೆತ್ತಿಕೊಂಡುದರ ಹಿಂದೆ ಈ ಅನುಮಾನವಿತ್ತು. ಸೊರಬದ ಒಂದು ಕಾನಿನಲ್ಲಿ ಸತ್ತ ಮುಸಿಯಗಳು ಭಾರತದ ಪಕ್ಷಿವಿಜ್ಞಾನಕ್ಕೂ ಒಂದು ದಾರಿ ತೆರೆದವೆಂಬುದು ಇಲ್ಲಿನ ಶಾಲಾ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ.

ಮುಂದೆ ಸ್ಪಷ್ಟವಾದುದೇನೆಂದರೆ, ರೋಗ ಹರಡುವುದು ಉಣುಗಿನಿಂದ. ಕಾಡಿನ ನೆಲದ ಇಲಿ, ಸುಂಡಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ ಸದ್ದಿಲ್ಲದೆ ಇರುವ ವೈರಸ್ಸು ಉಣುಗಿನ ಮೂಲಕ ಮಂಗಗಳಿಗೆ ತಗಲುತ್ತದೆ. ಮಂಗನ ರಕ್ತದಲ್ಲಿ ಅದು ವಿಪರೀತವಾಗಿ ವೃದ್ಧಿಯಾಗುತ್ತದೆ. ಮಂಗ ಸತ್ತು ಮೈ ತಣ್ಣಗಾಗುತ್ತಲೇ ಅದಕ್ಕೆ ಅಂಟಿದ್ದ ಉಣುಗುಗಳು ಉದುರಿ ಸುತ್ತಲಿನ ಒಣಎಲೆಗಳಲ್ಲಿ ಹರಡಿ ಮುಂದಿನ ಜೀವಿಗಾಗಿ ಕಾಯುತ್ತವೆ. ಉಣುಗಿನ ಮರಿಗಳು ಕಣ್ಣಿಗೆ ಬೀಳದಷ್ಟು ಚಿಕ್ಕವು. ಅವುಗಳ ಹಾವಳಿ ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ದರಕು ಗುಡಿಸುವ, ಸೌದೆ ತರುವ, ದನ ಮೇಯಿಸುವ ಕಾಲವೂ ಅದೇ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ. ಆದರೂ ಬಿದ್ದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ಮಲೆನಾಡು ಮರೆತಿಲ್ಲ. ಬಹುಕಾಲ ಕೊಡುತ್ತಿದ್ದ ಲಸಿಕೆಯ ಸಾಮರ್ಥ್ಯ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಮೈಗೆ ಡೆಪಾ ತೈಲ ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ತೊಡುವುದು, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು – ಉಳಿದಿರುವ ದಾರಿ ಇಷ್ಟೇ.

‘ಮಂಗನ ಕಾಯಿಲೆ’ ಎಂಬ ರೂಢಿಯ ಹೆಸರಿನಲ್ಲಿ ಒಂದು ಅನ್ಯಾಯವಿದೆ. ಈ ರೋಗದಲ್ಲಿ ಮೊದಲು ಸಾಯುವುದೇ ಮಂಗ. ಅದು ಸತ್ತು ಊರಿಗೆ ಎಚ್ಚರಿಕೆ ಕೊಡುತ್ತದೆ. ಹೆಸರು ಮಾತ್ರ ಅಪರಾಧಿಯದು.

ಈಗ ಆ ದೃಶ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ಫೆಬ್ರುವರಿ ತಿಂಗಳು. ತೋಟದ ಅಂಚಿನಲ್ಲಿ ಒಂದು ಹೆಣ್ಣು ಮುಸಿಯ ಸತ್ತು ಬಿದ್ದಿದೆ. ಅದರ ಎದೆಗೆ ಅಂಟಿಕೊಂಡ ಮರಿ ಇನ್ನೂ ಹಾಲು ಹುಡುಕುತ್ತಿದೆ. ಶಾಲೆಯಿಂದ ಮರಳುವ ಹುಡುಗಿಯೊಬ್ಬಳು ಅದನ್ನು ನೋಡುತ್ತಾಳೆ. ಎತ್ತಿಕೊಂಡು ಸೆರಗಿನಲ್ಲೋ ಸ್ವೆಟರಿನಲ್ಲೋ ಸುತ್ತಿ ಮನೆಗೆ ತರುವುದು ಅವಳ ಹೃದಯಕ್ಕೆ ಸಹಜವಾದ ಕೆಲಸ. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರದ ಕಾಡಂಚಿನ ಊರುಗಳಲ್ಲಿ ಅವಳು ಮಾಡಬಾರದ ಕೆಲಸವೂ ಅದೇ. ಮರಿಯ ಮೈಯಲ್ಲಿ ಉಣುಗಿವೆ. ತಾಯಿಯ ಹೆಣದ ಸುತ್ತಲಿನ ನೆಲದಲ್ಲಿ ಇನ್ನೂ ಹೆಚ್ಚು ಇವೆ. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ, ಆ ಹೆಣಗಳನ್ನು ನಿಭಾಯಿಸಿ ಸುಟ್ಟ ಅರಣ್ಯದ ಕೆಲಸಗಾರರಿಗೇ ರೋಗ ತಗಲಿತು. ಕಾಡಿನಲ್ಲೇ ಬದುಕುವವರ ಗತಿ ಹೀಗಾದರೆ, ಬರಿಗೈಯಲ್ಲಿ ಮರಿ ಎತ್ತಿಕೊಂಡ ಮಗುವಿನ ಪಾಡೇನು?

ಹಾಗಾದರೆ ಆ ಹುಡುಗಿ ಏನು ಮಾಡಬೇಕು? ಹೆಣದ ಹತ್ತಿರ ಹೋಗದೆ, ಜಾಗವನ್ನು ಗುರುತಿಟ್ಟುಕೊಂಡು, ಮನೆಯ ಹಿರಿಯರ ಮೂಲಕ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ಅಂದೇ ತಿಳಿಸಬೇಕು. ಪಶುವೈದ್ಯರು ರಕ್ಷಾಕವಚ ತೊಟ್ಟು ಮಾದರಿ ತೆಗೆಯುತ್ತಾರೆ, ಅದು ಪರೀಕ್ಷೆಗೆ ಹೋಗುತ್ತದೆ, ಹೆಣವನ್ನು ಸುಡುತ್ತಾರೆ, ಸುತ್ತಲೂ ಕೀಟನಾಶಕದ ಪುಡಿ ಎರಚುತ್ತಾರೆ. ಬದುಕಿರುವ ಮರಿಯನ್ನು ಕೈಗವಸು ತೊಟ್ಟ ಸಿಬ್ಬಂದಿಯೇ ಎತ್ತಬೇಕು, ಅದರ ಮೈಯ ಉಣುಗುಗಳನ್ನು ತೆಗೆದು, ಇತರ ಪ್ರಾಣಿಗಳಿಂದ ಬೇರೆಯಾಗಿ ಇಡಬೇಕು. ಅವರು ಬರುವಷ್ಟರಲ್ಲಿ ಮರಿ ಸಾಯಲೂಬಹುದು. ಈ ಮಾತು ಕಠೋರವೆಂದು ತಿಳಿದೇ ಹೇಳಲಾಗುತ್ತಿದೆ. ಮಗುವಿನ ಕರುಣೆಯನ್ನು ಗದರಿಸಿ ಅಡಗಿಸಬಾರದು. ಅವಳು ಸುದ್ದಿ ಮುಟ್ಟಿಸಿದ್ದರಿಂದ ಆ ದಾರಿಯಲ್ಲಿ ದರಕಿಗೆ ಹೋಗಲಿದ್ದ ಹತ್ತು ಜನರು ಉಳಿದರೆಂದು ಅವಳಿಗೆ ಹೇಳಬೇಕು. ಅದು ಸಮಾಧಾನದ ಮಾತಲ್ಲ, ನಿಜವಾದ ಮಾತು.

ಕಾಡುಪ್ರಾಣಿಗಳಿಗೆ ಗಾಯವಾಗುವುದು ಹೇಗೆ ಎಂಬುದನ್ನು ನೋಡಿದರೆ ರೈತರ ಹೊಲ–ತೋಟಗಳೇ ಮುಖ್ಯ ರಂಗ. ಹಂದಿಗೆಂದು ಬೇಲಿಗೆ ಕಟ್ಟಿದ ಬೈಕಿನ ಬ್ರೇಕ್ ತಂತಿಯ ಉರುಲಿಗೆ ಚಿರತೆ ಬೀಳುತ್ತದೆ, ಕರಡಿ ಬೀಳುತ್ತದೆ, ಊರಿನ ನಾಯಿಯೂ ಬೀಳುತ್ತದೆ. ಸೊಂಟಕ್ಕೆ ಬಿಗಿದ ಉರುಲಿನಲ್ಲಿ ರಾತ್ರಿಯಿಡೀ ಎಳೆದಾಡಿದ ಚಿರತೆಯ ಹೊರಚರ್ಮದಲ್ಲಿ ಗಾಯ ಕಾಣದಿದ್ದರೂ ಒಳಗಿನ ಅಂಗಗಳು ಜಜ್ಜಿಹೋಗಿರುತ್ತವೆ. ಸಿಡಿಮದ್ದು ಕಚ್ಚಿದ ಪ್ರಾಣಿಗೆ ದವಡೆಯೇ ಇರುವುದಿಲ್ಲ. ಅದು ತಿನ್ನಲಾರದೆ, ಕುಡಿಯಲಾರದೆ ದಿನಗಟ್ಟಲೆ ನರಳುತ್ತದೆ. ಯಾವ ಕೇಂದ್ರದ ಯಾವ ವೈದ್ಯನೂ ಅದನ್ನು ಸರಿಪಡಿಸಲಾರ. ಕಟ್ಟೆಯಿಲ್ಲದ ಬಾವಿಗಳು, ಶುಂಠಿ–ತರಕಾರಿ ಹೊಲಗಳ ಸುತ್ತ ಬಿಟ್ಟ ನೈಲಾನ್ ಬಲೆಗಳು ಇನ್ನೊಂದು ಬಗೆ. ಬಲೆಯಲ್ಲಿ ಸಿಕ್ಕ ಕೇರೆಹಾವಿನ ಹುರುಪೆಯೊಳಗೆ ದಾರ ಹೊಕ್ಕು ಕೊಯ್ಯುತ್ತದೆ. ಬೆಳೆಗೆ ಬೇಕಿಲ್ಲದಾಗ ಬಲೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದರೆ ಈ ಪೈಕಿ ಬಹಳಷ್ಟು ತಪ್ಪುತ್ತದೆ.

ವಿಷದ ಸಂಗತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಿತ್ತಿದ ಮೆಕ್ಕೆಜೋಳವನ್ನು ನವಿಲು ಕೆದಕುತ್ತದೆಂದು ಕಾಳಿಗೆ ಕೀಟನಾಶಕ ಬೆರೆಸಿ ಎರಚುವ ಅಭ್ಯಾಸ ಕೆಲವೆಡೆ ಇದೆ. ಫೋರೇಟಿನಂಥ ಹರಳುಗಳ ಮಾರಾಟ, ಬಳಕೆಯನ್ನು ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಆದರೂ ಹಳೆಯ ಪೊಟ್ಟಣಗಳು ಕೊಟ್ಟಿಗೆಯ ಮಾಡಿನಲ್ಲಿ ಉಳಿದಿರುತ್ತವೆ. ಈ ಗುಂಪಿನ ವಿಷಗಳು ನರ ಮತ್ತು ಸ್ನಾಯುಗಳ ನಡುವಣ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸ್ನಾಯುಗಳು ಬಿಡುವಿಲ್ಲದೆ ಅದುರಿ, ಜೊಲ್ಲು ಸುರಿದು, ಉಸಿರು ಕಟ್ಟಿ ಹಕ್ಕಿ ಸಾಯುತ್ತದೆ. ಬೇಗ ತಲುಪಿಸಿದರೆ ಪಶುವೈದ್ಯರು ಅಟ್ರೋಪಿನ್ ಚುಚ್ಚುಮದ್ದಿನಿಂದ ಕೆಲವನ್ನು ಉಳಿಸಬಲ್ಲರು. ಆದ್ದರಿಂದ ಒಲ್ಲದ ಮನಸ್ಸಿನಿಂದಲಾದರೂ ಯಾವ ವಿಷ ಹಾಕಿತ್ತೆಂದು ನಿಜ ಹೇಳಿ, ಸಾಧ್ಯವಾದರೆ ಪೊಟ್ಟಣವನ್ನೇ ತೋರಿಸಬೇಕು. ಇಲಿ ಪಾಷಾಣ ತಿಂದು ತೂರಾಡುವ ಇಲಿಯನ್ನು ಹಿಡಿದ ಗೂಬೆಯೂ ಅದೇ ವಿಷಕ್ಕೆ ಈಡಾಗಬಹುದು. ಒಂದು ಜೋಡಿ ಕಣಜಗೂಬೆ ಮರಿಗಳಿರುವಾಗ ಪ್ರತಿ ರಾತ್ರಿ ಹಿಡಿಯುವ ಇಲಿಗಳ ಲೆಕ್ಕ ಹಾಕಿದ ರೈತ ಪಾಷಾಣದ ಪೊಟ್ಟಣಕ್ಕೆ ಕೈ ಹಾಕುವ ಮುನ್ನ ಎರಡು ಸಲ ಯೋಚಿಸುತ್ತಾನೆ.

ಗಾಯಗೊಂಡ ಪ್ರಾಣಿ ಸಿಕ್ಕಾಗ ಮಾಡಬೇಕಾದ ಉಪಚಾರ ಅತ್ಯಲ್ಪ. ಕತ್ತಲೆ, ನಿಶ್ಶಬ್ದ, ಬೆಚ್ಚಗಿನ ಜಾಗ – ಇಷ್ಟೇ. ಸಣ್ಣ ಹಕ್ಕಿಯಾದರೆ ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ, ತಳದಲ್ಲಿ ಹಳೆಯ ಹತ್ತಿ ಬಟ್ಟೆ. ಎತ್ತುವಾಗ ಟವೆಲ್ಲನ್ನು ತಲೆಯ ಮೇಲೆ ಮುಸುಕು ಹಾಕಿ ಎತ್ತಬೇಕು. ಕಣ್ಣಿಗೆ ಕತ್ತಲಾದೊಡನೆ ಹಕ್ಕಿ ಶಾಂತವಾಗುತ್ತದೆ. ಬೆಳ್ಳಕ್ಕಿ, ಹಾವಕ್ಕಿಗಳ ಕೊಕ್ಕು ನೇರ ಕಣ್ಣಿಗೇ ಗುರಿಯಿಡುತ್ತದೆಂಬುದನ್ನು ಮರೆಯಬಾರದು. ಬಾಯಿಗೆ ನೀರು ಹನಿಸುವುದು, ಹಾಲು ಕುಡಿಸುವುದು ಬೇಡ. ಪ್ರಜ್ಞೆ ಮಂಕಾದ ಪ್ರಾಣಿಗೆ ಹನಿಸಿದ ಹಾಲು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೊಳೆಯುತ್ತದೆ. ಹಸುವಿನ ಹಾಲು ಹಸುವಿನ ಕರುವಿಗಾಗಿ ಆದದ್ದು. ಜಿಂಕೆಯ ಹಾಲಿನಲ್ಲಿ ಕೊಬ್ಬು, ಸಸಾರಜನಕ ಎರಡೂ ಹೆಚ್ಚು. ಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತಿ ಎರಡು ದಿನದಲ್ಲಿ ಸೊರಗುತ್ತದೆ. ಹದ್ದಿನ ಮರಿಗೆ ಬರಿಯ ಮಾಂಸದ ತುಂಡು ತಿನ್ನಿಸಿದರೆ ಸುಣ್ಣದ ಅಂಶ ಸಾಲದೆ ಎಲುಬು ಬಾಗಿ, ಬೆಳೆದ ಮೇಲೆ ಹಾರಲಾರದು. ಪ್ರೀತಿಯಿಂದ ತಿನ್ನಿಸಿದ್ದೇ ಊನಕ್ಕೆ ಕಾರಣವಾಗುತ್ತದೆ.

ದೊಡ್ಡ ಪ್ರಾಣಿಗಳ ವಿಷಯದಲ್ಲಿ ಜನಸಂದಣಿಯೇ ಮೊದಲ ಶತ್ರು. ನಾಯಿಗಳು ಅಟ್ಟಿಸಿಕೊಂಡು ಬಂದ ಜಿಂಕೆಯನ್ನು ಜನ ಸುತ್ತುವರಿದು, ಹಿಡಿದು, ಕಟ್ಟಿ, ನೂರು ಕೈಗಳು ಮೈದಡವಿದರೆ, ಅದರ ಸ್ನಾಯುಗಳು ಭಯ ಮತ್ತು ಆಯಾಸದಿಂದ ಒಳಗೊಳಗೇ ಒಡೆಯತೊಡಗುತ್ತವೆ. ಆ ಕಶ್ಮಲ ಮೂತ್ರಪಿಂಡವನ್ನು ಮುಚ್ಚುತ್ತದೆ. ‘ಗಾಯವೇನೂ ಇರಲಿಲ್ಲ, ಚೆನ್ನಾಗಿಯೇ ಇತ್ತು, ಎರಡನೇ ದಿನ ಯಾಕೋ ಸತ್ತಿತು’ ಎಂದು ಜನ ಹೇಳುವುದು ಇದನ್ನೇ. ಬಾವಿಗೆ ಬಿದ್ದ ಪ್ರಾಣಿಗೆ ಒಂದು ಮರದ ದಿಮ್ಮಿಯನ್ನೋ ಹಗ್ಗ ಕಟ್ಟಿದ ಮಂಚವನ್ನೋ ಇಳಿಸಿ ಆಸರೆ ಕೊಟ್ಟು, ಇಲಾಖೆಯವರು ಬರುವವರೆಗೆ ಜನರನ್ನು ದೂರವಿಟ್ಟರೆ ಅರ್ಧ ಕೆಲಸವಾದಂತೆ.

ಕಾನೂನಿನ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 39ನೇ ಕಲಮಿನಂತೆ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಯಾವುದೇ ರೀತಿಯಲ್ಲಿ ಅದು ಕೈಗೆ ಬಂದರೆ 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. ಅಂದರೆ ರಕ್ಷಿಸಲು ಎತ್ತಿಕೊಂಡದ್ದು ಅಪರಾಧವಲ್ಲ. ಹೇಳದೆ ಇಟ್ಟುಕೊಂಡದ್ದು ಅಪರಾಧ. ಗಿಳಿಗೂ ಇದು ಅನ್ವಯಿಸುತ್ತದೆಂಬುದು ಪಂಜರ ತೂಗುಹಾಕಿದ ಅನೇಕ ಮನೆಗಳಿಗೆ ಗೊತ್ತಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926. ಒಳ್ಳೆಯ ಮನಸ್ಸಿನ ಯುವಕರು ಸೇರಿ ಊರಿನಲ್ಲೇ ಒಂದು ಪುನರ್ವಸತಿ ಕೇಂದ್ರ ತೆರೆಯೋಣವೆಂದರೂ ಆಗದು. ಕಾಯಿದೆ ‘ಮೃಗಾಲಯ’ ಎಂಬ ಪದದ ವ್ಯಾಖ್ಯೆಯಲ್ಲೇ ರಕ್ಷಣಾ ಕೇಂದ್ರವನ್ನೂ ಸೇರಿಸಿದೆ, ಅದಕ್ಕೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಇದು ಅಡ್ಡಿಯೆನಿಸಿದರೂ ಸರಿಯಾದ ಅಡ್ಡಿ.

ಹಾಗಾದರೆ ಕೇಂದ್ರಗಳಲ್ಲಿ ಏನು ನಡೆಯುತ್ತದೆ? ಶಿಕಾರಿಪುರ–ಸೊರಬದವರಿಗೆ ಪರಿಚಿತವಾದುದು ಶಿವಮೊಗ್ಗ–ಸಾಗರ ರಸ್ತೆಯ ತ್ಯಾವರೆಕೊಪ್ಪ. 1988ರಲ್ಲಿ ಆರಂಭವಾದ ಹುಲಿ–ಸಿಂಹಧಾಮವನ್ನು ಜನರು ಭಾನುವಾರದ ವಿಹಾರಸ್ಥಳವೆಂದು ತಿಳಿಯುತ್ತಾರೆ. ಆದರೆ ಊರಿನೊಳಗೆ ಸಿಕ್ಕಿಬಿದ್ದ, ಮತ್ತೆ ಕಾಡಿಗೆ ಹೋಗಲಾರದ ಚಿರತೆಗಳಿಗೂ ಅಂಥ ಸ್ಥಳಗಳೇ ಕೊನೆಯ ಆಸರೆ. ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆ 1996ರಿಂದ ನಗರದ ಹಾವು, ಹದ್ದು, ಮಂಗ, ಬಾವಲಿಗಳಿಗಾಗಿ ಆಸ್ಪತ್ರೆ ನಡೆಸುತ್ತಿದೆ. ಬನ್ನೇರುಘಟ್ಟದ ಕರಡಿ ಕೇಂದ್ರದ ಕಥೆ ಇವೆರಡಕ್ಕಿಂತ ಭಿನ್ನ. ಮರಿಯಾಗಿದ್ದಾಗಲೇ ತಾಯಿಯನ್ನು ಕೊಂದು ಹಿಡಿದು, ಮೂತಿಗೆ ಕಾಯಿಸಿದ ಕಬ್ಬಿಣದಿಂದ ತೂತು ಕೊರೆದು ಹಗ್ಗ ಪೋಣಿಸಿ, ಕೋರೆಹಲ್ಲು ಮುರಿದು ಕುಣಿಸುತ್ತಿದ್ದ ಕರಡಿಗಳಿಗಾಗಿ 2005ರಲ್ಲಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಅರಣ್ಯ ಇಲಾಖೆಯೊಡನೆ ಅದನ್ನು ತೆರೆಯಿತು. ಕರಡಿ ಆಡಿಸುವ ಕಲಂದರ್ ಕುಟುಂಬಗಳಿಗೆ ಬೇರೆ ಜೀವನೋಪಾಯ ಕಲ್ಪಿಸಿದ್ದರಿಂದಲೇ ಅವರು ಕರಡಿಗಳನ್ನು ಒಪ್ಪಿಸಿದರು. ಬರಿಯ ದಾಳಿಯಿಂದ ಅದು ಆಗುತ್ತಿರಲಿಲ್ಲ. 2009ರ ಹೊತ್ತಿಗೆ ಬೀದಿಯ ಕರಡಿಯಾಟ ದೇಶದಲ್ಲಿ ಬಹುಮಟ್ಟಿಗೆ ಮುಗಿಯಿತು. ಆದರೆ ಆ ಕರಡಿಗಳಲ್ಲಿ ಯಾವುದೂ ಕಾಡಿಗೆ ಹೋಗಲಾರದು. ಹಲ್ಲಿಲ್ಲ, ಗೆದ್ದಲು ಅಗೆಯಲು ಕಲಿಸಿದ ತಾಯಿಯಿಲ್ಲ, ಮನುಷ್ಯನ ಭಯವಿಲ್ಲ. ಸಾಯುವವರೆಗೆ ಸಾಕಬೇಕು.

ಹೀಗಾಗಿ ಪ್ರತಿ ಕೇಂದ್ರದ ಮುಂದೆಯೂ ಇರುವ ಪ್ರಶ್ನೆ ಗಾಯ ಮಾಯಿತೇ ಎಂಬುದಲ್ಲ, ಪ್ರಾಣಿ ಕಾಡಿನಲ್ಲಿ ಬದುಕೀತೇ ಎಂಬುದು. ಬಂದ ಪ್ರಾಣಿಯನ್ನು ಮೊದಲು ಪ್ರತ್ಯೇಕವಾಗಿಟ್ಟು, ತೂಗಿ, ಪರೀಕ್ಷಿಸುತ್ತಾರೆ. ಆಮೇಲೆ ಆದಷ್ಟು ಕಡಿಮೆ ಮುಖ ತೋರಿಸುತ್ತಾರೆ. ಮೊಟ್ಟೆಯೊಡೆದು ಬಂದ ಬಾತುಮರಿಗಳು ಮೊದಲು ಕಂಡ ಮನುಷ್ಯನನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ಕಾನ್ರಾಡ್ ಲೊರೆಂಜ್ ತೋರಿಸಿದ್ದು, 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದದ್ದು ವಿದ್ಯಾರ್ಥಿಗಳಿಗೆ ತಿಳಿದಿರಬಹುದು. ಬಾಟಲಿ ಹಿಡಿದ ಕೈಯನ್ನೇ ತಾಯಿಯೆಂದು ಬಗೆದ ಮಂಗನ ಮರಿ ದೊಡ್ಡದಾದ ಮೇಲೆ ಜನರ ಭುಜವೇರುತ್ತದೆ, ಕಚ್ಚುತ್ತದೆ, ಕೊನೆಗೆ ಪೆಟ್ಟು ತಿಂದು ಸಾಯುತ್ತದೆ. ಒಳ್ಳೆಯ ಕೇಂದ್ರದಲ್ಲಿ ಸಂದರ್ಶಕರಿಗೆ ಮರಿಯನ್ನು ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳಲು ಬಿಡುವುದಿಲ್ಲ. ಬಿಡುವ ಕೇಂದ್ರವಿದ್ದರೆ ಅದು ಒಳ್ಳೆಯದಲ್ಲ.

ಆರೋಗ್ಯವಾಗಿರುವ ಪ್ರಾಣಿಯನ್ನು ಹಿಡಿದು ಬೇರೆ ಕಾಡಿಗೆ ಬಿಡುವುದನ್ನು ಕೆಲವರು ಪುನರ್ವಸತಿ ಎಂದು ಕರೆಯುತ್ತಾರೆ. ಜುನ್ನರಿನಲ್ಲಿ 2001ರಿಂದ ಬೋನಿಟ್ಟು ಹಿಡಿದ ಚಿರತೆಗಳನ್ನು ದೂರದ ಕಾಡುಗಳಿಗೆ ಒಯ್ದು ಬಿಟ್ಟರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತು. ಗೊತ್ತಿಲ್ಲದ ನೆಲದಲ್ಲಿ ಬಿಟ್ಟ ಮೃಗ ದಿಕ್ಕೆಡುತ್ತದೆ, ತನ್ನ ಊರಿಗೆ ಮರಳಲು ಹೊರಡುತ್ತದೆ, ದಾರಿಯಲ್ಲಿ ಜನ ಸಿಗುತ್ತಾರೆ.

ಮಲೆನಾಡಿನಲ್ಲಿ ಈ ಪ್ರಶ್ನೆ ಮಂಗಗಳ ರೂಪದಲ್ಲಿ ಬಂದಿದೆ. ಅಡಿಕೆಯ ಎಳೆಗಾಯಿ, ಬಾಳೆ, ಏಲಕ್ಕಿ – ಮಂಗಗಳ ಹಾವಳಿಯಿಂದ ಸಣ್ಣ ಹಿಡುವಳಿದಾರರು ಕಳೆದುಕೊಳ್ಳುವುದು ಹುಸಿಯಲ್ಲ. ಪಟ್ಟಣದ ಪರಿಸರಪ್ರೇಮಿಗಳು ಅದನ್ನು ಹಗುರವಾಗಿ ಕಾಣುವುದು ತಪ್ಪು. ರೈತರ ಒತ್ತಾಯದಿಂದ 2019–20ರಲ್ಲಿ ಹೊಸನಗರ ತಾಲ್ಲೂಕಿನ ನಾಗೋಡಿಯ ಬಳಿ ಮಂಗಗಳ ಪುನರ್ವಸತಿ ಕೇಂದ್ರ, ಅಂದರೆ ‘ಮಂಕಿ ಪಾರ್ಕ್’ ಮಾಡುವ ಪ್ರಸ್ತಾಪ ಬಂತು. ಸ್ಥಳೀಯರ ವಿರೋಧವೂ ಬಂತು. ಎರಡೂ ಕಡೆಯವರ ಸಂಕಟ ನಿಜವಾದುದೇ. ಆದರೆ ಕ್ಯಾಸನೂರಿನ ಪಾಠ ಓದಿದವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಉಣುಗಿರುವ ಕಾಡಿನ ಒಂದೇ ಜಾಗಕ್ಕೆ ಬೇರೆ ಬೇರೆ ಊರಿನ ಮಂಗಗಳನ್ನು ತಂದು ಗುಡ್ಡೆ ಹಾಕಿದರೆ, ರೋಗ ಬಂದ ವರ್ಷ ಏನಾಗುತ್ತದೆ? ಹಿಡಿದೊಯ್ದ ಗುಂಪಿನ ಜಾಗಕ್ಕೆ ಪಕ್ಕದ ಗುಂಪು ಬರುವುದನ್ನು ತಡೆಯುವವರು ಯಾರು? ಹಿಮಾಚಲ ಪ್ರದೇಶ ಸುಮಾರು 2007ರಿಂದ ಲಕ್ಷಕ್ಕೂ ಮಿಕ್ಕಿ ಮಂಗಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದೆ. ಅಲ್ಲಿನ ರೈತರ ದೂರು ಇನ್ನೂ ನಿಂತಿಲ್ಲ. ಬೆಳೆಹಾನಿಗೆ ನ್ಯಾಯವಾದ, ತಡವಿಲ್ಲದ ಪರಿಹಾರ ಕೊಡುವುದು, ಯಾತ್ರಾಸ್ಥಳ–ಘಾಟಿ ರಸ್ತೆಗಳಲ್ಲಿ ಮಂಗಗಳಿಗೆ ತಿಂಡಿ ಎಸೆಯುವುದನ್ನು ನಿಲ್ಲಿಸುವುದು, ಕಾಡಿನೊಳಗಿನ ಹಣ್ಣಿನ ಮರಗಳನ್ನು ಉಳಿಸುವುದು – ಇವು ನಿಧಾನದ ದಾರಿಗಳು. ಗಾಯಗೊಂಡ ಮಂಗನಿಗೆ ಆಸ್ಪತ್ರೆ ಬೇಕು, ಅದು ಬೇರೆ ಮಾತು. ಬೇಡವಾದ ಮಂಗಗಳ ಗೋದಾಮಿಗೆ ಪುನರ್ವಸತಿ ಎಂಬ ಹೆಸರು ಒಪ್ಪುವುದಿಲ್ಲ.

ಹಣ್ಣಿನ ಮರಗಳ ಮಾತು ಬಂದಾಗ ಸೊರಬದ ಕಾನುಗಳನ್ನು ನೆನೆಯದಿರಲಾಗದು. 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅರಣ್ಯಾಧಿಕಾರಿಗಳು ಈ ತಾಲ್ಲೂಕಿನ ಕಾನುಗಳ ಬಗೆಗೆ ವರದಿ ಬರೆದಿದ್ದರು. ಗುಣಮುಖವಾದ ಕೆಂಜಳಿಲನ್ನೋ ಕಾಡುಪಾಪವನ್ನೋ ಬಿಡಲು ಬೇಕಾದುದು ಕೊಂಬೆಗೆ ಕೊಂಬೆ ತಾಗುವ ಅಂಥ ಕಾಡು. ಅಕೇಸಿಯಾ ನೆಡುತೋಪಿನಲ್ಲಿ ಅವಕ್ಕೆ ಹಣ್ಣೂ ಇಲ್ಲ, ಪೊಟರೆಯೂ ಇಲ್ಲ. ಊರಿನವರು ಉಳಿಸಿಕೊಂಡ ಎರಡು ಎಕರೆ ಕಾನು ಯಾವ ಆಸ್ಪತ್ರೆಯ ವಾರ್ಡಿಗೂ ಕಡಿಮೆಯಲ್ಲ.

ಬಿಡುವ ಕ್ರಮದಲ್ಲೂ ಊರಿನವರ ಪಾಲಿದೆ. ಕಾಡುಪಾಪವೊಂದು ರಸ್ತೆ ದಾಟುವಾಗ ಸಿಕ್ಕಿ, ಪಶುವೈದ್ಯರ ಬಳಿ ನಾಲ್ಕು ದಿನವಿದ್ದು ಚೇತರಿಸಿಕೊಂಡಿತೆನ್ನಿ. ಅದನ್ನು ಸಿಕ್ಕಿದ ಜಾಗದ ಪಕ್ಕದ ಮರಗಳಿಗೇ ಮರಳಿಸಬೇಕು. ದೂರದ ‘ದೊಡ್ಡ ಕಾಡಿ’ಗಲ್ಲ. ನಿಶಾಚರಿಯಾದ್ದರಿಂದ ಬಿಡುವ ಹೊತ್ತು ಮುಸ್ಸಂಜೆ. ಭಾಷಣ, ಹಾರ, ಫೋಟೋ ಬೇಡ. ಮೊದಲು ಸುದ್ದಿ ಕೊಟ್ಟ ಮನೆಯವರಿಗೆ ಮುಂಚಿತವಾಗಿ ಹೇಳಿರಬೇಕು. ಅವರು ಆ ರಾತ್ರಿ ನಾಯಿಯನ್ನು ಕಟ್ಟಿ, ಅಂಗಳದ ದೀಪ ಆರಿಸಿರುತ್ತಾರೆ. ಪೆಟ್ಟಿಗೆಯ ಬಾಗಿಲನ್ನು ಕೊಂಬೆಗೆ ತಾಗಿಸಿ ತೆರೆದಿಟ್ಟು ಎಲ್ಲರೂ ಹಿಂದೆ ಸರಿದರೆ, ಕಾಡುಪಾಪ ಕೂಡಲೇ ಹೊರಗೆ ಬರುವುದಿಲ್ಲ. ಹತ್ತು ನಿಮಿಷವಾಗಬಹುದು, ಒಂದು ಗಂಟೆಯೂ ಆಗಬಹುದು. ಮೊದಲು ಒಂದು ಕೈ ಕೊಂಬೆಯನ್ನು ಹಿಡಿಯುತ್ತದೆ, ಆಮೇಲೆ ಇನ್ನೊಂದು. ಅಷ್ಟು ಹೊತ್ತು ಕತ್ತಲಲ್ಲಿ ಸುಮ್ಮನೆ ಕುಳಿತಿರಬೇಕು.